ನಲವತ್ತೊಂದು ಕಪ್ಪು ಮಚ್ಚೆ

ಕೂಡ್ಲಿಗಿ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ದಾಕ್ಷಾಯಣಮ್ಮನ ಪ್ರೆಸ್ಸು ಎಲ್ಲಿ ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಕಿವಿ ಇದ್ದರೆ ಸಾಕಿತ್ತು. ಟ್ರೆಡಲ್ ಯಂತ್ರ ಕಟಕ್ ಧಡ್, ಕಟಕ್ ಧಡ್ ಅನ್ನುತ್ತಿತ್ತು, ಅದನ್ನು ಕಾಲಲ್ಲಿ ತುಳಿಯುವ ಅಂಜಿನಕ್ಕ ಯಂತ್ರಕ್ಕಿಂತ ಜೋರಾಗಿ ಯಾರನ್ನಾದರೂ ಬೈಯುತ್ತಿದ್ದಳು. ಬೋರ್ಡಿನ ಮೇಲೆ ‘ಅಜ್ಜಯ್ಯ ಅಚ್ಚುಕೂಟ’ ಎಂದಿತ್ತು. ಅಜ್ಜಯ್ಯ ದಾಕ್ಷಾಯಣಮ್ಮನ ಮಾವ. ಆ ಯಂತ್ರವನ್ನು ಕೊಟ್ಟೂರಿನವರೆಗೆ ರೈಲಿನಲ್ಲಿ, ಅಲ್ಲಿಂದ ಎರಡು ಜೊತೆ ಎತ್ತು ಕಟ್ಟಿದ ಬಂಡಿಯಲ್ಲಿ ತಂದವನು ಅವನೇ.

ಕೊಟ್ಟೂರಿನಿಂದ ಸೊಸೆಯಾಗಿ ಬಂದಾಗ ಅವಳಿಗೆ ಹದಿನೆಂಟು. ಏಳನೇ ಇಯತ್ತೆ ಓದಿದ ಹುಡುಗಿ. ಗಂಡನಿಗೆ ಪ್ರೆಸ್ಸಿನ ಮೇಲೆ ಮನಸ್ಸಿರಲಿಲ್ಲ, ಆಯಸ್ಸೂ ಇರಲಿಲ್ಲ. ಮದುವೆಯಾದ ಆರನೇ ವರ್ಷಕ್ಕೆ ಕಾಮಾಲೆಯಾಗಿ ತೀರಿಕೊಂಡ. ಬಂಧುಗಳು ಇನ್ನು ಯಂತ್ರ ಮಾರಿಬಿಡಿ ಅಂದರು. ಅಜ್ಜಯ್ಯ ಸೊಸೆಯನ್ನು ಕರೆದು ಮೊಳೆಗಳ ಪೆಟ್ಟಿಗೆಯ ಮುಂದೆ ನಿಲ್ಲಿಸಿದ. ಮೊಳೆ ಎಂದರೆ ಸೀಸದ ಅಕ್ಷರಗಳು. ಒಂದೊಂದು ಖಾನೆಯಲ್ಲಿ ಒಂದೊಂದು ಅಕ್ಷರ, ಎಲ್ಲವೂ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವು. ಮೂರು ತಿಂಗಳಲ್ಲಿ ಅವಳ ಬೆರಳು ನೋಡದೆಯೇ ಖಾನೆಗೆ ಹೋಗುವಷ್ಟು ಪಳಗಿದವು. ಗಂಡಸರು ಮಾಡುವ ಕೆಲಸ ಎಂದು ಓಣಿಯವರು ಆಡಿಕೊಂಡರು. ಆಡಿಕೊಂಡವರ ಮಕ್ಕಳ ಲಗ್ನಪತ್ರಿಕೆಗೂ ಕೊನೆಗೆ ಅವಳೇ ಮೊಳೆ ಜೋಡಿಸಬೇಕಾಯಿತು, ಆ ಮಾತು ಬಿಡಿ.

ಮಾವನಿಗೊಂದು ಚಟ. ಕೆಲಸ ಕಲಿಸುತ್ತ ಅಚ್ಚಿನ ಪುರಾಣ ಬಿಚ್ಚುತ್ತಿದ್ದ. ಹಿಂದೆ ಓದುವಂಥದ್ದೆಲ್ಲ ತಾಳೆಗರಿಯಲ್ಲಿತ್ತಂತೆ, ಕೆಂಪು ಬಟ್ಟೆ ಸುತ್ತಿ ಜಗಲಿ ಮೇಲಿಟ್ಟು ಕೈ ಮುಗಿಯುತ್ತಿದ್ದರಂತೆ, ಬಿಚ್ಚುತ್ತಿರಲಿಲ್ಲವಂತೆ. ಜನಕ್ಕೆ ತಿಳಿಯಬೇಕಾದ್ದನ್ನು ಡಂಗುರ ಹೊಡೆದು ಹೇಳುತ್ತಿದ್ದರು. ಎಷ್ಟು ಹೇಳಬೇಕೆಂದು ಹೊಡೆಸುವವನು ತೀರ್ಮಾನಿಸುತ್ತಿದ್ದ. ಆಮೇಲೆ ಬಳ್ಳಾರಿಗೆ ಪಾದ್ರಿಗಳು ಬಂದು ಅಚ್ಚಿನ ಕೆಲಸಕ್ಕೆ ಕೈ ಹಾಕಿದರು, ಒಂದು ಮಾತು ಒಂದೇ ದಿನ ಸಾವಿರ ಕೈಗೆ ಹೋಗುವಂತಾಯಿತು.

“ಆವಾಗ ಬಿಳೇ ಸರ್ಕಾರಕ್ಕ ಹೊಟ್ಟಿನೋವು ಸುರು ಆತು ನೋಡವಾ,” ಎಂದು ಅಜ್ಜಯ್ಯ ಹೇಳುತ್ತಿದ್ದ. “ಕಾಯ್ದೆ ಮಾಡಿದ್ರು. ಅಚ್ಚು ಹಾಕಿದವನ ಹೆಸರು, ಊರು ಕಾಗದದ ಮ್ಯಾಲೆ ಇರಬೇಕು ಅಂತ. ಹಿಡಕಂಡು ಹೋಗಾಕ ಸಸಾರ ಆಗ್ಲಿ ಅಂತ ಮಾಡಿದ್ರು. ನಮ್ಮೋರು ಅದನ್ನ ಸಹಿ ಹಾಕಿದಂಗ ಎದಿ ಉಬ್ಬಿಸಿ ಹಾಕ್ಕೊಂಡ್ರು.”

ಪುರಾಣದ ಕೊನೆಗೆ ಯಾವತ್ತೂ ಒಂದೇ ಕಟ್ಟಳೆ. “ಕೊಟ್ಟದ್ದು ಕೂಡಿಸು, ಕೂಡಿಸಿದ್ದು ಮರಿ. ಗಿರಾಕಿ ಗುಟ್ಟು ನಮ್ಮ ಬಾಯಾಗ ಬರಬಾರದು.” ಯಾರ ಮನೆಯ ಲಗ್ನ ಮುರಿದು ಪತ್ರಿಕೆ ವಾಪಸಾಯಿತು, ಯಾರ ವೈಕುಂಠ ಸಮಾರಾಧನೆಯ ಕಾಗದದಲ್ಲಿ ಯಾವ ಮಗನ ಹೆಸರು ಬಿಡಿಸಿದರು, ಎಲ್ಲ ದಾಕ್ಷಾಯಣಮ್ಮನಿಗೆ ಗೊತ್ತಿತ್ತು. ಮಾವ ಸತ್ತು ಹತ್ತು ವರ್ಷವಾದರೂ ಒಂದೂ ಹೊರಗೆ ಬಂದಿರಲಿಲ್ಲ.

ಎರಡು ಸಾವಿರದ ಒಂದನೇ ಇಸವಿಯಲ್ಲಿ ಕರೇಕಲ್ಲಹಟ್ಟಿ ಪಂಚಾಯ್ತಿಯಿಂದ ಹುಲುಗಣ್ಣ ಬಂದ. ಪಂಚಾಯ್ತಿ ಅಧ್ಯಕ್ಷ ಘಂಟಿ ಜಂಬಣ್ಣ, ಹುಲುಗಣ್ಣ ಅವನ ಬಲಗೈ. ಎಡಗೈಯಲ್ಲಿ ಮಾಡಬೇಕಾದ ಕೆಲಸವನ್ನೂ ಇವನೇ ಮಾಡುತ್ತಿದ್ದ. ಮನೆಯಿಲ್ಲದವರಿಗೆ ಸರ್ಕಾರ ಮನೆ ಕೊಡುವ ಪಟ್ಟಿ ಅವನ ಕೈಯಲ್ಲಿತ್ತು. ಅರವತ್ತೆರಡು ಹೆಸರು.

“ಇಪ್ಪತ್ತು ಪ್ರತಿ ಸಾಕ್ರೀ ಅಕ್ಕಾರ. ಹೊಸಾ ಸಾಹೇಬ ಬಂದಾನ, ಅಚ್ಚಾದ ಪಟ್ಟೀನ ಬೇಕಂತಾನ. ಗ್ರಾಮಸಭಿ ಸೋಮವಾರ ಐತಿ.”

“ಊರು ದೊಡ್ಡದಲ್ಲೇನಪ್ಪಾ? ಇಪ್ಪತ್ತು ಸಾಕೇನು?”

“ಊರಿಗೆ ಯಾಕ್ರಿ? ಫೈಲಿಗೆ ಇದು.”

ಮೊಳೆ ಜೋಡಿಸುವವರು ಮಾತು ಓದುವುದಿಲ್ಲ, ಅಕ್ಷರ ಓದುತ್ತಾರೆ. ಒಂದು ಮೊಳೆ, ಇನ್ನೊಂದು ಮೊಳೆ, ನಡುವೆ ಖಾಲಿ ತುಂಡು. ಮನಸ್ಸು ಎಲ್ಲೋ ಇರುತ್ತದೆ. ದಾಕ್ಷಾಯಣಮ್ಮನ ಮನಸ್ಸು ಅವತ್ತು ಮನೆಯಲ್ಲಿ ನೆನೆಹಾಕಿ ಬಂದ ಮಡಿಕೆಕಾಳಿನ ಮೇಲಿತ್ತು. ಇಪ್ಪತ್ತಮೂರನೇ ಹೆಸರಿಗೆ ಬಂದಾಗ ಬೆರಳು ಖಾನೆಯ ತಳಕ್ಕೆ ತಗುಲಿತು. ‘ಘ’ ತೀರಿಹೋಗಿತ್ತು.

‘ಘ’ ತೀರುವುದೆಂದರೆ ಮದುವೆಮನೆಯಲ್ಲಿ ಉಪ್ಪು ತೀರಿದಂತೆ, ಯಾರೂ ಕಂಡದ್ದಲ್ಲ. ಮಾಘ ಮಾಸಕ್ಕೆ ಬೇಕು, ಯುವಕ ಸಂಘಕ್ಕೆ ಬೇಕು, ಅಷ್ಟೇ ಅದರ ಖರ್ಚು. ಹದಿನಾರು ಮೊಳೆ ಇದ್ದವು, ಮಾವನ ಕಾಲದಿಂದಲೂ ಯಾವತ್ತೂ ಸಾಲದಾಗಿರಲಿಲ್ಲ. ಮೊಳೆ ಸಾಲದಿದ್ದರೆ ಪ್ರೆಸ್ಸಿನವರು ಒಂದು ಪದ್ಧತಿ ಮಾಡುತ್ತಾರೆ. ಅಷ್ಟೇ ಅಗಲದ ಬೇರೊಂದು ಮೊಳೆಯನ್ನು ತಲೆಕೆಳಗು ಮಾಡಿ ಇಡುತ್ತಾರೆ. ಅದರ ಬುಡ ಕಾಗದದ ಮೇಲೆ ಕಪ್ಪು ಮಚ್ಚೆಯಾಗಿ ಬೀಳುತ್ತದೆ. ಇಲ್ಲಿ ಅಕ್ಷರ ಬಾಕಿ ಇದೆ ಎಂದು ಗುರುತು. ಆಮೇಲೆ ಕೊಟ್ಟೂರಿನ ಪ್ರೆಸ್ಸಿನಿಂದ ಕೈಗಡ ತಂದು ತುಂಬಿದರಾಯಿತು. ಅವಳು ಹಾಗೇ ಮಾಡುತ್ತ ಹೋದಳು. ಪಟ್ಟಿ ಮುಗಿಯಿತು, ಅಂಜಿನಕ್ಕ ಒಂದು ಕರಡು ತೆಗೆದು ಕೈಗೆ ಕೊಟ್ಟಳು.

ಕೊನೆಯವರೆಗೂ ಕಪ್ಪು ಮಚ್ಚೆಗಳು ಸಾಲಾಗಿ ನಿಂತಿದ್ದವು. ಇಪ್ಪತ್ತೈದು.

“ಅಯ್ಯ, ಇದೇನ್ರೀ ಸಿಡುಬು ಎದ್ದಂಗ ಎದ್ದೈತಿ?” ಅಂದಳು ಅಂಜಿನಕ್ಕ.

ಆಗ ದಾಕ್ಷಾಯಣಮ್ಮ ಓದಿದಳು. ಮೇಲಿನಿಂದ, ಒಂದೊಂದೇ ಹೆಸರು. ಘಂಟಿ ಈರಮ್ಮ, ಘಂಟಿ ಬಸಮ್ಮ, ಒಂದು ಬಿಟ್ಟು ಘಂಟಿ ಗಂಗಮ್ಮ. ಅಧ್ಯಕ್ಷನ ಹೆಂಡತಿ, ತಮ್ಮಂದಿರ ಹೆಂಡತಿಯರು, ಅವರ ಸೊಸೆಯರು. ಮಹಡಿಮನೆ ಕಟ್ಟಿಸಿಕೊಂಡವರು, ಹೊಸಪೇಟೆಯಲ್ಲಿ ಲಾಡ್ಜಿಟ್ಟವರು, ಇಬ್ಬರು ಸತ್ತವರು. ಮಚ್ಚೆ ಬಿದ್ದವರು ಇಪ್ಪತ್ತೈದು, ಮೊಳೆ ಸಿಕ್ಕವರು ಹದಿನಾರು. ಅರವತ್ತೆರಡರಲ್ಲಿ ನಲವತ್ತೊಂದು ಮನೆ ಒಂದೇ ಮನೆತನಕ್ಕೆ. ಬೇಲಿಯೇ ಎದ್ದು ಹೊಲ ಮೇಯುವುದನ್ನು ಕೇಳಿದ್ದಳು, ಸಾಲುಸಾಲಾಗಿ ಅಚ್ಚಾದದ್ದನ್ನು ಈಗ ಕಂಡಳು.

ಅದರಲ್ಲಿ ಒಂದು ಹೆಸರು ಹುಡುಕಿದಳು, ಎರಡು ಸಲ. ಸಿಗಲಿಲ್ಲ.

ಆ ಹೆಸರು ಗಾದೆಮ್ಮನದು. ಕರೇಕಲ್ಲಹಟ್ಟಿಯ ಕುರಿ ಕಾಯುವ ಮನೆಯವಳು, ಗಂಡ ಸತ್ತವಳು. ಸೀಮೆಜಾಲಿ ಗೂಟಕ್ಕೆ ಗೋಣಿತಟ್ಟು ಕಟ್ಟಿಕೊಂಡು ವಯಸ್ಸಿಗೆ ಬಂದ ಮಗಳ ಜೊತೆ ಇದ್ದಳು. ಕೂಡ್ಲಿಗಿ ಸಂತೆಗೆ ಕಂಬಳಿ ಮಾರಲು ಬಂದವಳು ಬಸ್ಸು ಬರುವವರೆಗೆ ಗಂಟನ್ನು ಪ್ರೆಸ್ಸಿನಲ್ಲಿಡುತ್ತಿದ್ದಳು. ಮನೆ ಕೊಡಿಸುತ್ತೇನೆಂದು ಅರ್ಜಿಗೆ ಹೆಬ್ಬೆಟ್ಟು ಒತ್ತಿಸಿಕೊಂಡ ಜಂಬಣ್ಣ ಅವಳ ದೊಡ್ಡ ಟಗರನ್ನೂ ಹೊಡೆಸಿಕೊಂಡು ಹೋಗಿದ್ದ. ಎರಡು ವರ್ಷದಿಂದ ಅವಳು ಪ್ರತಿ ಸಂತೆಯಲ್ಲೂ, ಮುಂದೆ ಸಿಗಲಿರುವ ಮನೆಯ ಬಾಗಿಲು ಯಾವ ದಿಕ್ಕಿಗಿಡಬೇಕೆಂದು ಅಂಜಿನಕ್ಕನ ಜೊತೆ ಜಗಳವಾಡುತ್ತಿದ್ದಳು.

ಮರುದಿನ ಸಂತೆ. ಗಂಟು ಇಳಿಸಿದವಳೇ ಗಾದೆಮ್ಮ ಕೇಳಿದಳು. “ಅಕ್ಕಾ, ನಮ್ಮೂರ ಮನಿ ಪಟ್ಟಿ ನಿನ್ನ ತಾವ ಬಂದೈತಂತ. ನನ್ನ ಹೆಸರು ಎಷ್ಟನೇದು?”

ದಾಕ್ಷಾಯಣಮ್ಮನ ಕೈ ಮೊಳೆಯ ಮೇಲೆ ನಿಂತಿತು. “ನಾವು ಜೋಡಸಾರು ಗಾದೆಮ್ಮ, ಓದಾರಲ್ಲ.”

“ಹಂಗಂದ್ರ? ಕಣ್ಣು ಮುಚ್ಚಿ ಜೋಡಸ್ತೀಯೇನು?”

ಗಾದೆಮ್ಮ ನಕ್ಕು, ಗಂಟಿನಿಂದ ನಾಲ್ಕು ಕಂಬಳಿ ಹೆಗಲಿಗೇರಿಸಿಕೊಂಡು ಸಂತೆಗೆ ಹೋದಳು. ದಾಕ್ಷಾಯಣಮ್ಮನಿಗೆ ತನ್ನ ಮೇಲೇ ಅಸಹ್ಯವಾಯಿತು. ಗಂಡ ಸತ್ತಾಗಲೂ ಇಷ್ಟು ಸಣ್ಣವಳಾಗಿ ಅವಳು ತನಗೆ ಕಂಡಿರಲಿಲ್ಲ. ಮಾವನ ಕಟ್ಟಳೆ ಮೀರಲೂ ಆಗಲಿಲ್ಲ, ಗಾದೆಮ್ಮನಿಂದ ಮುಚ್ಚಿಡಲೂ ಆಗಲಿಲ್ಲ.

ಆ ಕಷ್ಟವನ್ನು ಬಗೆಹರಿಸಿದ ಪುಣ್ಯಾತ್ಮ ಹುಲುಗಣ್ಣನೇ. ಮಧ್ಯಾಹ್ನ ಚಹಾದ ಗ್ಲಾಸು ಹಿಡಿದುಕೊಂಡೇ ಬಂದ. ಕರಡು ನೋಡಿ ಹುಬ್ಬು ಗಂಟಿಕ್ಕಿದ.

“ಇದೇನ್ರಿ ಮಸಿ ಚೆಲ್ಲೀರಿ?”

“ಮಸಿ ಅಲ್ಲಪ್ಪಾ. ‘ಘ’ ತೀರಿದ್ವು. ನಿಮ್ಮ ಅಧ್ಯಕ್ಷರ ಮನಿತನ ಭಾಳ ದೊಡ್ಡದು, ನಮ್ಮ ಪ್ರೆಸ್ಸು ಸಣ್ಣದು. ಕೊಟ್ಟೂರಿಂದ ತಂದು ತುಂಬ್ತೀನಿ, ಎರಡು ದಿನ ತಡಿ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಹುಲುಗಣ್ಣ ಬಾಗಿಲ ಕಡೆ ನೋಡಿದ, ಕರಡು ಮಡಿಸಿ ಜೇಬಿಗಿಟ್ಟ. “ಬ್ಯಾಡ ಬಿಡ್ರಿ ನಿಮ್ಮ ಕೆಲಸ. ಹೊಸಪೇಟ್ಯಾಗ ಕಂಪ್ಯೂಟರ್ ಅದಾವು, ತಾಸಿನಾಗ ಕೊಡ್ತಾರ. ನಾ ಕೊಟ್ಟ ಪಟ್ಟಿ ತರ್ರಿ. ಇನ್ನ ಎಷ್ಟು ಕಾಗದ ತೆಗದೀರಿ? ಎಲ್ಲಾ ತರ್ರಿ.”

ಕೈಬರಹದ ಪಟ್ಟಿ ಕೊಟ್ಟಳು. ಕೊಕ್ಕೆಗೆ ಸಿಕ್ಕಿಸಿದ್ದ ಇನ್ನೊಂದು ಕರಡೂ ಕೊಟ್ಟಳು. ಅವನು ಕಸದ ಬುಟ್ಟಿ ತಡಕಿದ, ಯಂತ್ರದ ಕೆಳಗೆ ಬಗ್ಗಿ ನೋಡಿದ, ಅಂಜಿನಕ್ಕನ ಊಟದ ಗಂಟಿನ ಮೇಲೂ ಕಣ್ಣಾಡಿಸಿದ. ಹೀಗೆ ಹುಡುಕಲು ಕೈ ಖಾಲಿಯಾಗಬೇಕೆಂದು ಚಹಾದ ಗ್ಲಾಸನ್ನು ಕಲ್ಲಿನ ಮೇಜಿನ ಮೇಲೆ, ಕಬ್ಬಿಣದ ಚೌಕಟ್ಟಿನೊಳಗೆ ಬಿಗಿದಿಟ್ಟ ಸೀಸದ ಮೇಲೆ ಇಟ್ಟಿದ್ದ. ಅರವತ್ತೆರಡು ಹೆಸರೂ ಆ ಗ್ಲಾಸಿನ ಕೆಳಗೇ ಇದ್ದವು. ತಿರುವುಮುರುವು ಅಕ್ಷರ ಅವನಿಗೆ ಗೊಬ್ಬರದ ಚೀಲದ ನೇಯ್ಗೆಯಂತೆ ಕಂಡಿರಬೇಕು. ಅಚ್ಚಿನ ಕೆಲಸವನ್ನು ಕಾಗದ ಎಂದುಕೊಂಡವನು ಮಾಡುವ ತಪ್ಪು ಅದು.

“ಎಲ್ಲಾ ಬಂತೇನ್ರಿ?”

“ಕಾಗದ ಎಲ್ಲಾ ಕೊಟ್ಟೀನಿ,” ಎಂದಳು ದಾಕ್ಷಾಯಣಮ್ಮ. ಸುಳ್ಳಾಡಲಿಲ್ಲ. ಅಂಜಿನಕ್ಕ ಸೆರಗು ಬಾಯಿಗೆ ತುರುಕಿಕೊಂಡು ಹಿಂದಿನ ಗೋಡೆ ಕಡೆ ತಿರುಗಿದ್ದಳು.

ಅಷ್ಟಕ್ಕೇ ಹೋಗಿದ್ದರೆ ಏನಾಗುತ್ತಿತ್ತೋ. ಗ್ಲಾಸು ಎತ್ತಿಕೊಳ್ಳುವಾಗ ಮೂಲೆಯ ಕಂಬಳಿಗಂಟು ಅವನ ಕಣ್ಣಿಗೆ ಬಿತ್ತು. “ಆ ಕುರಿ ಮುದುಕಿ ಇಲ್ಲಿಗೂ ಬರ್ತಾಳೇನು? ಹೆಸರು ಐತೇನು ಅಂತ ಕೇಳಿದ್ರ ಐತಿ ಅಂದುಬಿಡ್ರಿ. ಕಾಯಾಕ ಅಡ್ಡಿಯಿಲ್ಲ ಅಂಥೋರಿಗೆ. ಬಯಲಾಗ ಹುಟ್ಟಿದೋರಿಗೆ ಮನಿ ಯಾಕ್ರಿ?”

ಅವನು ಹೋದ ಮೇಲೆ ದಾಕ್ಷಾಯಣಮ್ಮ ಸೀಸದ ಮೇಲೆ ಗ್ಲಾಸು ಬಿಟ್ಟ ಚಹಾದ ಕಲೆಯನ್ನು ಸಿಟ್ಟಿನಿಂದ ಒರೆಸಿ ಹಾಕಿದಳು. ಆಮೇಲೆ ಗೋಡೆಯ ಮೇಲಿದ್ದ ಮಾವನ ಫೋಟೋಕ್ಕೆ ಹೇಳಿದಳು, “ಮಾವಾರ, ಗಿರಾಕಿ ಗುಟ್ಟು ಗಿರಾಕಿಗೆ. ಕೆಲಸ ಬ್ಯಾಡ ಅಂದು ಹೋದಾವ ಗಿರಾಕಿ ಅಲ್ಲ. ಮತ್ತ ಇದು ಯಾರ ಮನಿ ಲಗ್ನಪತ್ರಿಕಿನೂ ಅಲ್ಲ, ಊರಿಂದು.” ಫೋಟೋ ಏನೂ ಅನ್ನಲಿಲ್ಲ. ಬದುಕಿದ್ದಾಗಲೂ ಸೊಸೆಯ ಮಾತಿಗೆ ಸೋತಾಗ ಅಜ್ಜಯ್ಯ ಹೀಗೇ ಸುಮ್ಮನಿರುತ್ತಿದ್ದ.

ಇಳಿಹೊತ್ತಿಗೆ ಗಾದೆಮ್ಮ ಗಂಟು ಒಯ್ಯಲು ಬಂದಾಗ ಅವಳನ್ನು ಹೊಸ್ತಿಲ ಒಳಗೆ ಕರೆದು ಕೂಡಿಸಿದಳು.

“ಗಾದೆಮ್ಮ, ಬೆಳಿಗ್ಗೆ ನಿನಗ ಸುಳ್ಳು ಹೇಳಿದೆ. ನಾನು ಓದೀನಿ. ನಿನ್ನ ಹೆಸರಿಲ್ಲ.”

ಗಾದೆಮ್ಮ ಅಳಲಿಲ್ಲ. ಎಲೆಅಡಿಕೆ ಸಂಚಿ ಬಿಚ್ಚಿದಳು, ಮತ್ತೆ ಕಟ್ಟಿದಳು. “ಮತ್ತ ಯಾರ ಹೆಸರು ಐತಿ?” ಎಂದು ಮಾತ್ರ ಕೇಳಿದಳು. ಆ ಪ್ರಶ್ನೆಗೆ ಬಾಯಲ್ಲಿ ಉತ್ತರ ಹೇಳಿದರೆ ಸಾಲದು ಎಂದು ದಾಕ್ಷಾಯಣಮ್ಮನಿಗೆ ಅನ್ನಿಸಿತು. ಬಾಯಿಮಾತನ್ನು ಜಂಬಣ್ಣ ಒಂದೇ ಕೆಮ್ಮಿನಲ್ಲಿ ಹಾರಿಸಿಬಿಡುತ್ತಾನೆ. ನಾಡಿದ್ದು ಬೆಳಗಿನ ಬಸ್ಸಿಗೆ ಬಾ ಎಂದು ಹೇಳಿ ಕಳಿಸಿದಳು.

ಮರುದಿನ ಬೆಳಿಗ್ಗೆ ಚಿಮಟ ಹಿಡಿದು ಚೌಕಟ್ಟಿನ ಮುಂದೆ ಕೂತಳು. ಅಂಜಿನಕ್ಕನಿಗೆ ಕೊಟ್ಟೂರಿನಿಂದ ‘ಘ’ ತಂದಿದ್ದಾಳೇನೋ ಎನ್ನಿಸಿತ್ತು. ದಾಕ್ಷಾಯಣಮ್ಮ ಮಾಡಿದ್ದು ಅದರ ಉಲ್ಟಾ. ನೆಟ್ಟಗಿದ್ದ ಹದಿನಾರು ‘ಘ’ಗಳನ್ನೂ ಒಂದೊಂದಾಗಿ ಕಿತ್ತು ತಲೆಕೆಳಗು ಮಾಡಿ ನೆಟ್ಟಳು. ತಲೆಬರಹಕ್ಕೆ ಬೇಕೆಂದು ಒಂದನ್ನು ಮಾತ್ರ ಎತ್ತಿಟ್ಟು, ಅದರ ಜಾಗಕ್ಕೆ ಬೇರೊಂದು ಮೊಳೆ ಮಗುಚಿಟ್ಟಳು. ಈಗ ನಲವತ್ತೊಂದೂ ಮಚ್ಚೆ. ಕರೇಕಲ್ಲಹಟ್ಟಿಯಲ್ಲಿ ಓದಲು ಬರುವವರು ಕಾಲು ಭಾಗವೂ ಇರಲಿಲ್ಲ. ಮಚ್ಚೆ ಎಣಿಸಲು ಯಾವ ಶಾಲೆ ಬೇಕು?

ಪಟ್ಟಿಯ ತಲೆಯ ಮೇಲೆ ಎರಡು ಸಾಲು ಸೇರಿಸಿದಳು: ‘ಕಪ್ಪು ಮಚ್ಚೆ ಇದ್ದಲ್ಲೆಲ್ಲ ಘ ಎಂದು ಓದಿಕೊಳ್ಳಬೇಕು. ಒಂದೇ ಮನೆತನಕ್ಕೆ ಇಷ್ಟು ಮನೆ ಬೇಕಾಗಬಹುದೆಂದು ನಮಗೆ ತಿಳಿದಿರಲಿಲ್ಲವಾದ್ದರಿಂದ ಅಕ್ಷರ ಸಾಲಲಿಲ್ಲ.’ ಕೆಳಗೆ ಮುದ್ರಕರು ದಾಕ್ಷಾಯಣಮ್ಮ, ಅಜ್ಜಯ್ಯ ಅಚ್ಚುಕೂಟ, ಕೂಡ್ಲಿಗಿ.

ಅಂಜಿನಕ್ಕ ಯಂತ್ರ ಹತ್ತಿ ನಿಂತವಳು ಇಳಿದಳು. “ಹೆಸರು ತೆಗೀರಿ ಅಕ್ಕಾ. ಆವ ಒಳ್ಳೇವನಲ್ಲ. ಯಾರು ಹಾಕಿದ್ರೋ ಅಂತ ಅಂದುಕೊಳ್ಳಲಿ.”

“ಹೆಸರಿಲ್ಲದಿದ್ರ ಮೂಗರ್ಜಿ ಆಕ್ಕತಿ ಅಂಜಿನಿ. ಮೂಗರ್ಜಿ ಕಸದ ಬುಟ್ಟಿಗೆ ಹೋಕ್ಕತಿ. ತುಳಿ.”

ಅಂಜಿನಕ್ಕ ತುಳಿದಳು. ಲಗ್ನಪತ್ರಿಕೆಗೆಂದು ತರಿಸಿದ್ದ ಹಳದಿ ಕಾಗದ ಮುಗಿಯಿತು, ಗುಲಾಬಿ ಮುಗಿಯಿತು, ಕೊನೆಗೆ ಬೂದು ಬಣ್ಣದ ರದ್ದಿಯೂ ಮುಗಿಯಿತು. ಐನೂರು ಪ್ರತಿ. ಮರುದಿನ ಬೆಳಗಿನ ಬಸ್ಸಿಗೆ ಬಂದ ಗಾದೆಮ್ಮ ಒಂದು ಹಾಳೆ ತೊಡೆಯ ಮೇಲೆ ಹರವಿಕೊಂಡು, ಹಟ್ಟಿಗೆ ಬರುವ ಕುರಿಗಳನ್ನು ಎಣಿಸುವಂತೆ ಜೋಡಿ ಜೋಡಿಯಾಗಿ ಮಚ್ಚೆ ಎಣಿಸಿದಳು. ಇಪ್ಪತ್ತು ಜೋಡಿ, ಮೇಲೊಂದು ಒಂಟಿ. ಇನ್ನೊಮ್ಮೆ ಎಣಿಸಿದಳು. “ಇಷ್ಟು ಮಂದಿ ಮಳ್ಯಾಗ ತೊಯ್ಯಾಕ ಹತ್ಯಾರ ಅಂತ ಗೊತ್ತಿರಲಿಲ್ಲ ನೋಡಕ್ಕ,” ಎಂದಳು. ಕಂಬಳಿಗಳ ಮಡಿಕೆಯೊಳಗೆ ಐನೂರು ಹಾಳೆ ಕರೇಕಲ್ಲಹಟ್ಟಿಗೆ ಹೋದವು.

ಸೋಮವಾರ ಹನ್ನೊಂದು ಗಂಟೆಗೆ ಪಂಚಾಯ್ತಿ ಕಟ್ಟೆಯ ಮುಂದೆ ಗ್ರಾಮಸಭೆ. ಯಾವ ಸಲವೂ ಮೂವತ್ತು ಜನ ಸೇರದ ಸಭೆಗೆ ಅವತ್ತು ಊರೇ ಬಂದಿತ್ತು. ತಾಲ್ಲೂಕಿನಿಂದ ಬಂದ ಹೊಸ ಸಾಹೇಬರಿಗೆ ಸಂತೋಷವಾಯಿತು, ಜಂಬಣ್ಣನಿಗೆ ಆಗಲಿಲ್ಲ. ದಾಕ್ಷಾಯಣಮ್ಮ ಬಸ್ಸಿಳಿದು ಬಂದು ಹೆಂಗಸರ ನಡುವೆ ಕೂತಳು. ಎಲ್ಲರ ತೊಡೆಯ ಮೇಲೂ ಹಳದಿ, ಗುಲಾಬಿ, ಬೂದು ಕಾಗದ.

ಕಾರ್ಯದರ್ಶಿ ಮರುಳಪ್ಪ ಹೊಸಪೇಟೆಯಲ್ಲಿ ತೆಗೆಸಿದ ಬೆಳ್ಳಗಿನ ಹಾಳೆ ಹಿಡಿದು ಎದ್ದ. ಅವನಿಗೂ ಯಾರೋ ಬುದ್ಧಿ ಹೇಳಿಕೊಟ್ಟಿದ್ದರು. ಮನೆತನದ ಹೆಸರು ನುಂಗಿ ಓದತೊಡಗಿದ.

“ಒಂದು. ಈರಮ್ಮ.”

ಗಾದೆಮ್ಮ ಮೊದಲ ಸಾಲಿನ ಮೇಲೆ ಬೆರಳಿಟ್ಟು ಕೂಗಿದಳು, “ಮಚ್ಚಿ!”

“ಎರಡು. ಬಸಮ್ಮ.”

“ಮಚ್ಚಿ!” ಈ ಸಲ ಹತ್ತು ಹೆಂಗಸರು.

ಮೂರನೆಯದು ಮಚ್ಚೆಯಿಲ್ಲದ ಹೆಸರು, ಯಾರೋ ನಿಜವಾದ ಬಡವರದು. ಸಭೆ ಸುಮ್ಮನಿತ್ತು. ನಾಲ್ಕಕ್ಕೆ ಗಂಡಸರೂ ದನಿ ಕೂಡಿಸಿದರು. ಮರುಳಪ್ಪ ಬೇಗ ಬೇಗ ಓದಿದ, ಅವರೂ ಬೇಗ ಬೇಗ ಕೂಗಿದರು. ನಲವತ್ತೊಂದು ಸಲ ಊರು ಕೂಗಿತು. ಅಕ್ಷರ ಬಾರದ ಮುದುಕರು ಸಾಲಿನಿಂದ ಸಾಲಿಗೆ ಬೆರಳು ಇಳಿಸುತ್ತಿದ್ದರು, ಒಬ್ಬರ ಬೆರಳೂ ತಪ್ಪಲಿಲ್ಲ. ದಾಕ್ಷಾಯಣಮ್ಮನ ಕಣ್ಣು ತುಂಬಿದವು. ಮೂವತ್ತು ವರ್ಷ ಮೊಳೆ ಜೋಡಿಸಿದ್ದಳು, ಅಚ್ಚಾದದ್ದನ್ನು ಒಂದು ಊರು ಕೂಡಿ ಓದುವುದನ್ನು ಅವಳು ಕಂಡಿದ್ದು ಅದೇ ಮೊದಲು.

ಜಂಬಣ್ಣ ಕುರ್ಚಿ ಒದ್ದು ಎದ್ದ. “ಯಾವನಲೇ ಇದನ್ನ ಅಚ್ಚು ಹಾಕಿದಾವ? ಸರ್ಕಾರಿ ಪಟ್ಟಿ ಇದು!”

ದಾಕ್ಷಾಯಣಮ್ಮ ಎದ್ದು ನಿಂತಳು. “ಯಾವನೂ ಅಲ್ಲ, ನಾನು. ಕೆಳಗ ಹೆಸರು ಐತಿ, ಊರೂ ಐತಿ. ಓದ್ರಿ.”

“ನಿನ್ನ ಪ್ರೆಸ್ ಮುಚ್ಚಿಸ್ತೀನಿ!”

“ಮುಚ್ಚಸ್ರಿ. ಈ ಐನೂರು ಕಾಗದ ಹೆಂಗ ಮುಚ್ಚಸ್ತೀರಿ, ಮೊದಲು ಅದನ್ನ ಹೇಳ್ರಿ.”

ಜಂಬಣ್ಣನ ಬೆದರಿಕೆ ಬರೀ ಬಾಯಿಮಾತಲ್ಲ, ಮುಚ್ಚಿಸುವ ಪ್ರಯತ್ನವನ್ನೂ ಅವನು ಮಾಡಿದ. ತಾಲ್ಲೂಕಿನ ಪಂಚಾಯ್ತಿಗಳಿಂದ ಅಜ್ಜಯ್ಯ ಅಚ್ಚುಕೂಟಕ್ಕೆ ಮುಂದೆ ಒಂದು ರಸೀದಿ ಪುಸ್ತಕದ ಕೆಲಸವೂ ಬರಲಿಲ್ಲ. ವಿಚಾರಣೆಗೆಂದು ನೋಟಿಸೂ ಬಂತು. ಮುದ್ರಕರ ಹೆಸರು, ವಿಳಾಸ ಕಾನೂನಿನ ಪ್ರಕಾರ ಇದ್ದುದರಿಂದ ವಿಚಾರಿಸುವವರಿಗೆ ಹಿಡಿಯಲು ಏನೂ ಸಿಗಲಿಲ್ಲ. ಆರು ವರ್ಷದ ಮೇಲೆ ಆ ಯಂತ್ರ ನಿಂತದ್ದು ಕಂಪ್ಯೂಟರಿನಿಂದ, ಜಂಬಣ್ಣನಿಂದಲ್ಲ.

ಸಭೆಯಲ್ಲಿ ಸಾಹೇಬರು ಒಂದು ಗುಲಾಬಿ ಹಾಳೆ ಇಸಿದುಕೊಂಡು ಮೇಲಿಂದ ಕೆಳಗೆ ಓದಿದರು. ತಲೆಬರಹ ಓದುವಾಗ ತುಟಿ ಕಚ್ಚಿ ನಗು ತಡೆದರು. ಸಭೆ ಒಪ್ಪದ ಪಟ್ಟಿ ಪಟ್ಟಿಯಲ್ಲ, ಇದು ರದ್ದು ಎಂದರು. ಇಲ್ಲೇ, ಈಗಲೇ, ಎಲ್ಲರೆದುರು ಹೊಸದು ಬರೆಯೋಣ ಎಂದು ಮರುಳಪ್ಪನ ಕೈಯಿಂದ ಪೆನ್ನು ತೆಗೆದುಕೊಂಡರು. ಮನೆಯಿಲ್ಲದವರು ಎದ್ದು ನಿಲ್ಲಿ ಎಂದಾಗ ಗಾದೆಮ್ಮನನ್ನು ಊರೇ ಎತ್ತಿ ನಿಲ್ಲಿಸಿತು. ಮೊದಲ ಹೆಸರು ಅವಳದೇ ಆಯಿತು.

ಬರೆಯುವುದು ನಡೆದಿರುವಾಗಲೇ ಹುಲುಗಣ್ಣ ಸಭೆಯ ಅಂಚಿನಿಂದ ಹಾಳೆ ವಾಪಸು ಕೇಳುತ್ತ ಬಂದ. ಪಟ್ಟಿ ರದ್ದಾಯ್ತಲ್ಲ, ಇನ್ನೇಕೆ, ಕೊಡಿ ಕೊಡಿ ಎಂದು ಕೈ ಚಾಚುತ್ತಿದ್ದ. ಯಾರೂ ಕೊಡಲಿಲ್ಲ. ಮಡಿಸಿ ಕುಪ್ಪಸದೊಳಗೆ, ರುಮಾಲಿನ ಸುತ್ತಿನೊಳಗೆ ಇಟ್ಟುಕೊಂಡರು. ಅವನು ಗಾದೆಮ್ಮನ ಮುಂದೆ ಬಂದು ನಿಂತ.

“ನಿನಗ ಓದಾಕ ಬರಲ್ಲ. ಅದರಾಗ ನಿನ್ನ ಹೆಸರೂ ಇಲ್ಲ. ಆ ಕಾಗದ ಇಟ್ಕಂಡು ಏನು ಮಾಡ್ತಿ? ಕೊಡಿಲ್ಲಿ.”

ಗಾದೆಮ್ಮ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಸಂಚಿಯೊಳಗಿಟ್ಟು ದಾರ ಬಿಗಿದಳು.

“ಇದರಾಗ ನನ್ನ ಹೆಸರಿಲ್ಲಲೇ. ಅದಕ್ಕ ಇಟ್ಕಂತೀನಿ.”